ಬಣ್ಣ ಬಳಿಯದ ಉಬ್ಬು

ಅಣವೀರಪ್ಪ ಇಂಡಿ ತಾಲ್ಲೂಕಿನವನು. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟರ್ ಆಗಿ ದುಡಿದು ನಿವೃತ್ತನಾದ ಮೇಲೆ, ಹೆಂಡತಿ ರುಕ್ಮಿಣಿಬಾಯಿಯ ಜೊತೆ ವಡಾಲದ ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿದ್ದ. ಕಿಟಕಿ ನೇರ ಗಲ್ಲಿಗೆ ತೆರೆಯುತ್ತಿತ್ತು. ಒಂದು ಕಾರು, ಪಕ್ಕದಲ್ಲಿ ಒಬ್ಬ ಮನುಷ್ಯ, ಅಷ್ಟೇ ಅಗಲದ ಗಲ್ಲಿ. ಆದರೆ ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಇದೇ ಹಾದಿ ಎಂದು ಯಾವಾಗ ಎಲ್ಲರಿಗೂ ಗೊತ್ತಾಯಿತೋ, ಅಂದಿನಿಂದ ಬೆಳಿಗ್ಗೆ ಸಂಜೆ ಕಾರು, ಬೈಕು, ಟೆಂಪೋಗಳು ಹಾರ್ನ್ ಒತ್ತಿಕೊಂಡೇ ನುಗ್ಗತೊಡಗಿದವು.

ಅಣವೀರಪ್ಪ ಕಿಟಕಿಯಲ್ಲಿ ನಿಂತು ಬೈಯುತ್ತಿದ್ದ. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಬೈಯುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ತರಕಾರಿ ತರಲು ಹೋಗಿದ್ದ ರುಕ್ಮಿಣಿಬಾಯಿಯ ಮೊಣಕೈಗೆ ಬಿಳಿ ಕಾರೊಂದರ ಕನ್ನಡಿ ಬಡಿಯಿತು. ಅವಳು ಗೋಡೆಗೆ ಒರಗಿ ಕುಳಿತಳು, ಟೊಮೆಟೊ ಗಟಾರಿಗೆ ಉರುಳಿದವು. ಕಾರು ನಿಲ್ಲಲಿಲ್ಲ. ಅಣವೀರಪ್ಪ ವಾರ್ಡ್ ಆಫೀಸಿಗೆ ಅರ್ಜಿ ಬರೆದ. ಬಿಲ್ಡಿಂಗಿನ ಇಪ್ಪತ್ತೆರಡು ಜನರ ಸಹಿ ಹಾಕಿಸಿದ. ಮೊದಲ ಸಹಿ ಎರಡನೇ ಮಹಡಿಯ ನೀಲಾಬಾಯಿಯದು. ಒಬ್ಬ ಹವಾಲ್ದಾರ ಎರಡು ದಿನ ಬಂದು ನಿಂತು ಹೋದ. ಆಮೇಲೆ ಏನೂ ಆಗಲಿಲ್ಲ.

ಗಲ್ಲಿಯ ತುದಿಯಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದ ಪರಪ್ಪನೂ ಇಂಡಿ ಕಡೆಯವನೇ. ಚಹಾದಂಗಡಿಯಲ್ಲಿ ಊರಿನ ಮಾತಿನಿಂದ ಪರಿಚಯವಾಗಿತ್ತು. ಮೇ ತಿಂಗಳ ಕೊನೆಯಲ್ಲಿ ಅಣವೀರಪ್ಪ ಅವನಿಗೆ ಮನಸ್ಸಿನ ಮಾತು ಹೇಳಿದ. ಉಳಿದ ಕಾಂಕ್ರೀಟಿನಲ್ಲಿ ಗಲ್ಲಿಗೆ ಅಡ್ಡಲಾಗಿ ಒಂದು ಸ್ಪೀಡ್ ಬ್ರೇಕರ್ ಹಾಕಿಕೊಡು ಎಂದ. ಪರಪ್ಪ ಮೊದಲು ಹಿಂಜರಿದ, ಹಿರಿಯರ ಮಾತು ತೆಗೆದುಹಾಕಲಾರದೆ ಒಪ್ಪಿಕೊಂಡ.

ಭಾನುವಾರ ಮಧ್ಯಾಹ್ನ ಹಲಗೆ ಅಡ್ಡವಿಟ್ಟು ಕೆಲಸ ಶುರು ಮಾಡಿದ. ಪೈಪಿನ ಕೆಲಸ ಇರಬೇಕು ಎಂದುಕೊಂಡು ಜನ ಬಳಸಿ ಹೋದರು. ಅಣವೀರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ನಾಕ ಬೆರಳ ಎತ್ತರ ಸಾಕ್ರಿ ಯಜಮಾನ್ರ. ಮ್ಯಾಲ ಬಿಳೇ ಪಟ್ಟಿ ಹೊಡದಬಿಡ್ತೀನಿ, ದೂರಿಂದ ಕಾಣ್ತೈತಿ," ಎಂದ ಪರಪ್ಪ.

"ಇನ್ನೂ ಏರಸು. ಬಣ್ಣಾ ಬ್ಯಾಡ," ಎಂದ ಅಣವೀರಪ್ಪ. "ಕಂಡರ ಅಲ್ಲಷ್ಟ ಸಾವಕಾಶ ಮಾಡಿ ಮತ್ತ ಓಡಸ್ತಾರ. ಕಾಣದಾಂಗ ಇರಲಿ. ಒಮ್ಮೆ ಬಡದರ ಬುದ್ಧಿ ಬರ್ತೈತಿ."

ಪರಪ್ಪ ಅವನ ಮುಖ ನೋಡಿದ. ಇನ್ನೆರಡು ಬುಟ್ಟಿ ಕಾಂಕ್ರೀಟು ಸುರಿದ.

ಹಲಗೆ ತೆಗೆದ ಮೇಲಿನ ನಾಲ್ಕು ದಿನ ಅಣವೀರಪ್ಪನಿಗೆ ಹಬ್ಬದಂತಿತ್ತು. ಕಾರುಗಳ ಹೊಟ್ಟೆ ಉಬ್ಬಿಗೆ ಉಜ್ಜಿ ಕರಕರ ಸದ್ದು ಮಾಡುತ್ತಿತ್ತು. ಬೈಕಿನವರು ಜಿಗಿದು, ಹ್ಯಾಂಡಲ್ ಗಟ್ಟಿ ಹಿಡಿದು ಬೈದುಕೊಂಡು ಹೋಗುತ್ತಿದ್ದರು. ಅವನು ಚಹಾದ ಕಪ್ಪು ಹಿಡಿದು ಕಿಟಕಿಯಲ್ಲೇ ಕುಳಿತಿರುತ್ತಿದ್ದ. ರುಕ್ಮಿಣಿಬಾಯಿ ಒಂದೆರಡು ಸಲ, ಯಾರರೆ ಬಿದ್ದಗಿದ್ದಾರು ಎಂದಳು. ಬೀಳುವವರು ಓಡಿಸುವವರೇ ಅಲ್ಲವೆ ಎಂದು ಅವನು ನಕ್ಕ.

ನೀಲಾಬಾಯಿ ಆ ವಾರ ಊರಲ್ಲಿರಲಿಲ್ಲ. ತಂಗಿಯ ಮಗಳ ಮದುವೆಗೆ ಧಾರವಾಡಕ್ಕೆ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು, ಪಲ್ಯದ ಜೊತೆ ಡಬ್ಬಿ ಕಟ್ಟಿ ಸುತ್ತಲಿನ ಕನ್ನಡದ ನೌಕರಿಯವರಿಗೆ ತಾನೇ ಸ್ಕೂಟರಿನಲ್ಲಿ ಮುಟ್ಟಿಸುತ್ತಿದ್ದಳು. ಅವಳ ಸ್ಕೂಟರು ನಡೆಯುವವರ ಸಮಸಮಕ್ಕೆ ಹೋಗುತ್ತಿತ್ತು. ಹುಡುಗರು ಅದಕ್ಕೆ ನಗುತ್ತಿದ್ದರು.

ಶುಕ್ರವಾರ ಬೆಳಗಿನ ರೈಲಿಗೆ ಬಂದವಳು ಸಂಜೆಯೇ ರೊಟ್ಟಿ ಬಡಿದು ಡಬ್ಬಿ ತುಂಬಿ ಹೊರಟಳು. ಮಳೆಗಾಲದ ಮೊದಲ ಹನಿಗಳು ಬಿದ್ದು ನೆಲ ಒದ್ದೆಯಾಗಿತ್ತು. ಮಬ್ಬು ಬೆಳಕು. ಹಿಂದಿನಿಂದ ಒಂದು ಕಾರು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ದಾರಿ ಬಿಡಲೆಂದು ಅವಳು ಪಕ್ಕಕ್ಕೆ ಸರಿಯುವಾಗ ಮುಂದಿನ ಗಾಲಿ ಓರೆಯಾಗಿ ಉಬ್ಬಿಗೆ ತಾಗಿತು.

ಡಬ್ಬಿಗಳು ಬಿದ್ದ ಸದ್ದಿಗೆ ಅಣವೀರಪ್ಪ ಹೊರಗೋಡಿದ. ನೀಲಾಬಾಯಿ ಬಲಗೈ ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಳಿತಿದ್ದಳು. ಮುಂಗೈ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಅವನೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಕರೆದೊಯ್ದ. ಎರಡು ಕಡೆ ಮುರಿದಿದೆ, ಪ್ಲೇಟು ಹಾಕಬೇಕು ಎಂದರು. ಹೆಸರು ಕೂಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದಾಗ ಅವಳು ಹೇಳಿದಳು:

"ಕಾಕಾ, ಅದನ್ನ ಯಾರು ಹಾಕ್ಯಾರೋ ಅವರ ಮ್ಯಾಲ ಒಂದ್ ಅರ್ಜಿ ಬರೀರಿ. ನೀವ್ ಚಲೋ ಬರೀತೀರಿ."

"ಬರೀತೀನಿ, ತಂಗೀ," ಎಂದ ಅಣವೀರಪ್ಪ.

ಮರುದಿನ ನಸುಕಿನಲ್ಲೇ ಪರಪ್ಪನನ್ನು ಹುಡುಕಿಹೋಗಿ ಅದನ್ನು ಒಡೆದುಹಾಕು ಎಂದು ಕೈ ಮುಗಿದ. ಪರಪ್ಪ ಸುತ್ತಿಗೆ, ಚಾಣ ತಂದು ಒಡೆಯತೊಡಗಿದ. ಅರ್ಧ ಒಡೆಯುವಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಸುಭಾಷ ಕೆಳಗಿಳಿದು ಬಂದ. ಜನ ಕೂಡಿದರು. ಯಾರು ಹಾಕಿದ್ದು ಎಂದು ಸುಭಾಷ ಹಿಂದಿಯಲ್ಲಿ ಜೋರು ಮಾಡಿ ಕೇಳಿದ. ಪರಪ್ಪ ತಲೆಯೆತ್ತಿ ಕಿಟಕಿಯತ್ತ ನೋಡಿದ. ಅಣವೀರಪ್ಪ ಅಲ್ಲೇ ನಿಂತಿದ್ದ. ಇಬ್ಬರ ಕಣ್ಣು ಕೂಡಿದವು. ಅಣವೀರಪ್ಪ ಒಂದು ಹೆಜ್ಜೆ ಹಿಂದೆ ಸರಿದು ಪರದೆಯ ಮರೆಗೆ ಹೋದ.

ನಾನೇ ಹಾಕಿದ್ದು ಎಂದ ಪರಪ್ಪ. ಯಾರು ಹೇಳಿದ್ದರು ಎಂಬುದನ್ನು ಹೇಳಲಿಲ್ಲ.

ಸಂಜೆಯೊಳಗೆ ವಿಷಯ ತಿಳಿದು ಹೊಸ ಕಟ್ಟಡದ ಗುತ್ತಿಗೆದಾರ ಅವನನ್ನು ಕೆಲಸದಿಂದ ತೆಗೆದ. ಚಹಾದಂಗಡಿಯಲ್ಲಿ ಈ ಸುದ್ದಿ ಕೇಳಿ ಮನೆಗೆ ಬಂದ ಅಣವೀರಪ್ಪ ಊಟ ಮಾಡಲಿಲ್ಲ. ಇದೆಲ್ಲ ಯಾಕಾಗಿ ಶುರುವಾಯಿತು ನಿನಗೇ ಗೊತ್ತಲ್ಲ ಎಂದು ಹೆಂಡತಿಯ ಮುಂದೆ ಹೇಳಹೊರಟ. ಸೊಪ್ಪು ಸೋಸುತ್ತಿದ್ದ ರುಕ್ಮಿಣಿಬಾಯಿ ಕೈ ನಿಲ್ಲಿಸಿದಳು.

"ನನ್ನ ಮೊಣಕೈ ಸಲುವಾಗಿ ಅಂತ ಹೇಳಬ್ಯಾಡ್ರಿ. ನಾಕ ದಿನ ನೀವ್ ಕಿಟಕ್ಯಾಗ ಕುಂತು ನಗೂದು ನಾ ನೋಡೇನಿ."

ಇನ್ನೂ ಎರಡು ದಿನ ಅವನಿಗೆ ಧೈರ್ಯ ಬರಲಿಲ್ಲ. ಮೂರನೆಯ ದಿನ ಸುಭಾಷನಿಗೆ ಎಲ್ಲ ಹೇಳಿದ. ಅವನನ್ನು ಕರೆದುಕೊಂಡೇ ಗುತ್ತಿಗೆದಾರನ ಬಳಿಗೂ ಹೋದ. ಗುತ್ತಿಗೆದಾರ ಫೋನಿನಿಂದ ಕಣ್ಣೆತ್ತದೆ, ಆ ಜಾಗಕ್ಕೆ ಬೇರೆಯವನು ಬಂದಾಗಿದೆ ಎಂದ. ಪರಪ್ಪನ ನಂಬರು ಸಿಕ್ಕಿತು. ಅವನು ಪನವೇಲ್ ಕಡೆ ಯಾವುದೋ ಕೆಲಸ ಹಿಡಿದಿದ್ದ. ಅಣವೀರಪ್ಪ ತಪ್ಪಾಯಿತು ಎಂದದ್ದಕ್ಕೆ, ಇರಲಿ ಬಿಡ್ರಿ ಯಜಮಾನ್ರ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಎಂದು ಫೋನಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಅಂದೇ ಮಧ್ಯಾಹ್ನ ಎರಡನೇ ಮಹಡಿಗೆ ಹತ್ತಿದ. ನೀಲಾಬಾಯಿ ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಿದ್ದಳು. ಅವನು ನಿಂತೇ ಹೇಳಿದ. ಎತ್ತರ ಮಾಡಿಸಿದ್ದು, ಬಣ್ಣ ಬೇಡವೆಂದದ್ದು, ಯಾವುದನ್ನೂ ಬಿಡಲಿಲ್ಲ.

"ದವಾಖಾನ್ಯಾಗ ನನ್ನ ಬಾಜೂಕ ಕುಂತಿದ್ರಿ," ಎಂದಳು ಅವಳು. "ಅರ್ಜಿ ಬರೀತೀನಿ ಅಂದ್ರಿ. ಆವಾಗರ ಹೇಳಬೇಕಾಗಿತ್ತು."

ಹೌದು ಎಂದ ಅವನು. ಅವಳು ಮುಖ ತಿರುಗಿಸಿದಳು. ಅವನು ಮೆಟ್ಟಿಲಿಳಿದ.

ಮೂಳೆ ಕೂಡಿತು, ಆದರೆ ಮುಂಗೈ ಮೊದಲಿನಂತೆ ಹೊರಳಲಿಲ್ಲ. ರೊಟ್ಟಿ ಬಡಿಯುವುದು ನಿಂತಿತು. ಮಹಾದೇವಿ ಎಂಬ ಹೆಂಗಸನ್ನು ಇಟ್ಟುಕೊಂಡು ನೀಲಾಬಾಯಿ ಚಪಾತಿ ಡಬ್ಬಿ ಕೊಡತೊಡಗಿದಳು. ರೊಟ್ಟಿಗಾಗಿಯೇ ಬರುತ್ತಿದ್ದ ಅರ್ಧ ಜನ ಬೇರೆ ಕಡೆ ಹೋದರು. ಅವಳು ಸ್ಕೂಟರ್ ಮಾರಿದಳು. ಅಣವೀರಪ್ಪನನ್ನು ಕಂಡರೆ ಮಾತಾಡುತ್ತಿದ್ದಳು, ಆದರೆ ಕಾಕಾ ಎನ್ನುತ್ತಿರಲಿಲ್ಲ.

ಉಬ್ಬಿನ ಉಳಿದರ್ಧವನ್ನೂ ಒಡೆದು ತೆಗೆದ ಮೇಲೆ ಗಲ್ಲಿಯಲ್ಲಿ ವಾಹನಗಳ ಓಟ ಮತ್ತೆ ಮೊದಲಿನಂತಾಯಿತು. ಅಣವೀರಪ್ಪ ಮತ್ತೊಂದು ಅರ್ಜಿ ಬರೆದ. ತಾನು ಮಾಡಿದ ತಪ್ಪನ್ನೂ ಅದರಲ್ಲಿ ಬರೆದು, ನಿಯಮದ ಪ್ರಕಾರ ಒಂದು ಸ್ಪೀಡ್ ಬ್ರೇಕರ್ ಹಾಕಿಕೊಡಿ ಎಂದು ಕೇಳಿಕೊಂಡ. ಉತ್ತರ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ನೀಲಾಬಾಯಿ ಎಡಗೈಯಲ್ಲಿ ಡಬ್ಬಿಗಳ ಭಾರದ ಚೀಲ ಹಿಡಿದು ನಡೆದು ಹೊರಟಿದ್ದಳು. ಒಂದು ಕಾರು ಒಂದೇ ಸಮನೆ ಹಾರ್ನ್ ಹೊಡೆಯುತ್ತ ಬಂದು ಅವಳ ಸೆರಗು ಹಾರುವಷ್ಟು ಹತ್ತಿರದಿಂದ ಹೋಯಿತು. ಅವಳು ಗೋಡೆಗೆ ಅಂಟಿ ನಿಂತಳು. ಕಿಟಕಿಯಲ್ಲಿದ್ದ ಅಣವೀರಪ್ಪ ಈ ಸಲ ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ, ಚೀಲಕ್ಕೆ ಕೈ ಚಾಚಿದ.

"ಬ್ಯಾಡ್ರಿ. ನಾ ಒಯ್ತೀನಿ," ಎಂದಳು ನೀಲಾಬಾಯಿ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಆದರೆ ಮನೆಗೆ ತಿರುಗಲಿಲ್ಲ. ಗಾಡಿಗಳು ಬರುವ ಬದಿಗೆ ಸರಿದು, ಅವಳಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆದ. ಅವಳು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಗಲ್ಲಿ ಮುಗಿಯುವವರೆಗೆ ಇಬ್ಬರೂ ಹಾಗೆಯೇ ಹೋದರು.