ಮಕ್ಕಳನ್ನ ಆಡಿಸೋಕೂ ಡಿಗ್ರಿ ಬೇಕಾ?

ನಮ್ಮ ಯಜಮಾನರದು ಕಟಿಂಗ್ ಶಾಪು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಔಷಧಿ ಅಂಗಡಿಯ ಪಕ್ಕ. ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ಮಕ್ಕಳನ್ನು ಎತ್ತರಕ್ಕೆ ಕೂರಿಸಲು ಕುರ್ಚಿಯ ಕೈಗಳ ಮೇಲೆ ಅಡ್ಡ ಇಡುವ ಒಂದು ಹಲಗೆ. ಊರಿನ ಅರ್ಧ ಮಕ್ಕಳು ಆ ಹಲಗೆಯ ಮೇಲೆ ಕೂತೇ ದೊಡ್ಡವರಾದರು. ಬೇರೆ ಕಡೆ ಕತ್ತರಿ ಕಂಡರೆ ಸೂರು ಹಾರಿಹೋಗುವಂತೆ ಕಿರುಚುವ ಮಗು ಇವರ ಹತ್ತಿರ ಬಂದರೆ ಗಪ್‌ಚುಪ್. "ಅಲ್ನೋಡು, ಗುಬ್ಬಚ್ಚಿ!" ಎನ್ನುತ್ತಾರೆ. ಮಗು ಆ ಕಡೆ ತಿರುಗುತ್ತದೆ, ಈ ಕಡೆ ಕಿವಿಯ ಮೇಲಿನ ಕೂದಲು ಮಾಯ. ಗುಬ್ಬಚ್ಚಿ ಎಲ್ಲಿ ಎಂದು ಕೇಳುವಷ್ಟರಲ್ಲಿ ಇನ್ನೊಂದು ಕಿವಿಯೂ ಮುಗಿದಿರುತ್ತದೆ. ಈ ವಿದ್ಯೆಯ ಬಗ್ಗೆ ಅವರಿಗಿರುವ ಜಂಬ ಅಷ್ಟಿಷ್ಟಲ್ಲ.

ಇಂಥವರ ಮುಂದೆ ಒಂದು ಬೆಳಿಗ್ಗೆ ನಮ್ಮ ಚಿಕ್ಕ ಮಗಳು ಬಂದು ನಿಂತಳು. ಆಗಷ್ಟೇ ಡಿಗ್ರಿ ಮುಗಿಸಿದ್ದಳು.

"ಅಪ್ಪಾ, ನನಗೆ ಮುಂದಿನ ಓದಿಗೆ ಸೀಟು ಸಿಕ್ಕಿದೆ. ಮಾಸ್ಟರ್ಸ್. ಎರಡು ವರ್ಷ."

"ಏನು ಓದು?"

"ಚೈಲ್ಡ್ ಲೈಫ್ ಅಂತಾರೆ. ಆಸ್ಪತ್ರೆಗೆ ಬರೋ ಮಕ್ಕಳ ಜೊತೆಗಿರೋ ಕೆಲಸ. ಆಪರೇಷನ್ನು, ಸೂಜಿ, ಬ್ಯಾಂಡೇಜು ಅಂದ್ರೆ ಏನು ಅಂತ ಅವರಿಗೆ ತಿಳಿಯೋ ಹಾಗೆ ಹೇಳೋದು, ಆಟದಲ್ಲೇ ಧೈರ್ಯ ತುಂಬೋದು."

"ಔಷಧಿ ಕೊಡ್ತೀಯಾ?"

"ಇಲ್ಲ."

"ಸೂಜಿ ಚುಚ್ತೀಯಾ?"

"ಇಲ್ಲಪ್ಪಾ."

"ಬರೀ ಆಡಿಸೋದು!" ಯಜಮಾನರು ಬಾಚಣಿಗೆ ಕೆಳಗಿಟ್ಟರು. "ಮಕ್ಕಳನ್ನ ಆಡಿಸೋಕೂ ಡಿಗ್ರಿ ಬೇಕಾ? ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಏನು ಮತ್ತೆ? ನನಗೆ ಯಾವನು ಕೊಟ್ಟ ಡಿಗ್ರೀನ? ನಿನಗೂ ಅದು ರಕ್ತದಲ್ಲೇ ಬಂದಿದೆ ಕಣೇ. ಬೀದಿ ಮಕ್ಕಳೆಲ್ಲ ನಿನ್ನ ಹಿಂದೇನೇ ಇರ್ತಾವೆ. ಗೊತ್ತಿರೋದನ್ನೇ ಕಲಿಯೋಕೆ ಎರಡು ವರ್ಷ ಯಾಕೆ ಹಾಳು ಮಾಡ್ಕೋತೀಯಾ?"

ದುಡ್ಡಿನ ತಕರಾರಲ್ಲ ಅದು. ಪಕ್ಕದ ಬೀದಿಯ ಶಾಲೆಯವರು ಅವಳಿಗೆ ಕೆಲಸ ಕೊಡುತ್ತೇವೆ ಎಂದಿದ್ದರು. ಮಗಳು ಕಣ್ಣೆದುರಿಗೇ ಇರುತ್ತಾಳೆ ಎಂದು ಇವರಿಗೆ ಆಸೆ. ಅವಳಿಗೋ ಆ ಓದೇ ಬೇಕು. ತಿಂಗಳ ಕೊನೆಯೊಳಗೆ ಕಾಲೇಜಿಗೆ ಬರುತ್ತೇನೆಂದು ಹೇಳದಿದ್ದರೆ ಸೀಟು ಕೈತಪ್ಪುತ್ತದೆ. ಅಪ್ಪ ಮನಸಾರೆ ಹೂಂ ಅನ್ನದೆ ಹೋಗುವವಳೂ ಅವಳಲ್ಲ. ಅಪ್ಪ ಮಗಳು ಇಬ್ಬರೂ ಮುಖ ಊದಿಸಿಕೊಂಡು ಓಡಾಡುತ್ತಿದ್ದರು. ನಡುವೆ ಸಿಕ್ಕಿಕೊಂಡವಳು ನಾನು. "ಅವರಿಗೆ ಊಟಕ್ಕೆ ಬರೋಕೆ ಹೇಳಮ್ಮ" ಎಂದು ಅವಳು, "ಅವಳಿಗೆ ಲೈಟ್ ಆರಿಸೋಕೆ ಹೇಳು" ಎಂದು ಇವರು. ನನ್ನನ್ನೇನು ಟಪಾಲಿನವಳು ಅಂದುಕೊಂಡರೋ ಏನೋ!

ಅಷ್ಟರಲ್ಲಿ ನಮ್ಮ ಚಿನಕುರುಳಿ ಕೈ ಸುಟ್ಟುಕೊಂಡಳು.

ಚಿನಕುರುಳಿ ಎಂದರೆ ದೊಡ್ಡ ಮಗಳ ಮಗಳು. ಐದು ವರ್ಷ. ಮಾತಿನಲ್ಲಿ ಅವಳನ್ನು ಸೋಲಿಸುವವರು ನಮ್ಮ ಬೀದಿಯಲ್ಲೇ ಇಲ್ಲ. ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಯ ಹಿಡಿ ಎಳೆದಳು, ನೀರು ಮೊಣಕೈಯಿಂದ ಮುಂಗೈವರೆಗೂ ಸುರಿಯಿತು. ಡಾಕ್ಟರು ನೋಡಿ, "ವಾಸಿಯಾಗುತ್ತೆ, ಹೆದರಬೇಡಿ. ಆದರೆ ದಿನ ಬಿಟ್ಟು ದಿನ ಬಂದು ಪಟ್ಟಿ ಬದಲಾಯಿಸಿಕೊಂಡು ಹೋಗಬೇಕು. ತಪ್ಪಿಸಿದರೆ ಕೀವಾಗುತ್ತೆ" ಎಂದರು.

ಮೊದಲ ಸಲ ಪಟ್ಟಿ ಬಿಚ್ಚುವಾಗ ಯಜಮಾನರು ಮೀಸೆ ತಿರುವಿಕೊಂಡು ಮುಂದೆ ಹೋದರು.

"ನೀವೆಲ್ಲ ಸುಮ್ನಿರಿ, ನಾನು ನೋಡ್ಕೋತೀನಿ" ಎಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನರ್ಸಮ್ಮನಿಗೆ ಕಣ್ಸನ್ನೆ ಮಾಡಿದರು. "ಅಲ್ನೋಡು ಪುಟ್ಟಾ, ಕಿಟಕಿ ಮೇಲೆ ಗುಬ್ಬಚ್ಚಿ!"

ಮಗು ತಿರುಗಿತು. ನರ್ಸಮ್ಮ ಎಳೆದರು.

ಆ ಚೀರಾಟಕ್ಕೆ ವಾರ್ಡಿನ ಮಕ್ಕಳೆಲ್ಲ ಅಳತೊಡಗಿದರು. ಚಿನಕುರುಳಿ ನೋವಿಗೆ ಅತ್ತಿದ್ದು ಒಂದು ಕಡೆ ಇರಲಿ, ಅತ್ತು ಮುಗಿಸಿ ತಾತನ ಮುಖವನ್ನೇ ದುರುಗುಟ್ಟಿ ನೋಡಿದಳಲ್ಲ, ಅದನ್ನು ಅವರಿಂದ ತಡೆಯಲಾಗಲಿಲ್ಲ. ಮನೆಗೆ ಬಂದ ಮೇಲೆ ಮಗು ಅವರ ಹತ್ತಿರ ಸುಳಿಯಲಿಲ್ಲ. ಅವರು ಏನಾದರೂ ತೋರಿಸಿದರೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು.

ಎರಡನೇ ಸಲ ಚಿಕ್ಕಮ್ಮನ ಸರದಿ. ನಮ್ಮ ಚಿಕ್ಕವಳು ಹಾಡು ಹೇಳಿದಳು, ಮೊಬೈಲಿನಲ್ಲಿ ಬೊಂಬೆಯಾಟ ಹಾಕಿದಳು. "ಏನೂ ನೋವಾಗಲ್ಲ ಬಂಗಾರಿ, ನಾನಿದ್ದೀನಲ್ಲ" ಎಂದಳು. ನೋವಾಯಿತು. ಕೊನೆಗೆ ನಾಲ್ಕು ಜನ ಸೇರಿ ಆ ಎಳೆ ಮಗುವನ್ನು ಅಂಗಾತ ಮಲಗಿಸಿ ಅದುಮಿ ಹಿಡಿಯಬೇಕಾಯಿತು. ನಾನು ಕಾಲು ಹಿಡಿದಿದ್ದೆ.

ಬರುವಾಗ ಬಸ್ಸಿನಲ್ಲಿ ಮಗು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿ ಹೇಳಿತು: "ತಾತನೂ ಸುಳ್ಳು ಹೇಳ್ತಾರೆ. ಚಿಕ್ಕಮ್ಮನೂ ಸುಳ್ಳು ಹೇಳ್ತಾಳೆ."

ಚಿಕ್ಕವಳ ಕಣ್ಣು ತುಂಬಿತ್ತು. ಅವಳೇ ಅಪ್ಪನ ಕಡೆ ತಿರುಗಿದಳು. ವಾರದಿಂದ ಆಡದಿದ್ದ ಮಾತು.

"ರಕ್ತದಲ್ಲೇ ಬಂದಿದೆ ಅಂದ್ರಲ್ಲಪ್ಪಾ, ನೋಡಿದ್ರಲ್ಲ? ನನಗೆ ಪ್ರೀತಿ ಇದೆ, ಅಷ್ಟೆ. ಏನು ಮಾಡಬೇಕು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಓದ್ತೀನಿ ಅಂದಿದ್ದು."

ಯಜಮಾನರು ಮುಖ ಊದಿಸಿಕೊಂಡೇ ಬಸ್ಸಿಳಿದರು. ಬಡಪೆಟ್ಟಿಗೆ ಒಪ್ಪುವ ಆಸಾಮಿ ಅಲ್ಲ ಅವರು.

ಮೂರನೇ ಸಲ ಹೋದಾಗ ನರ್ಸಮ್ಮ, "ಇವತ್ತು ನಮ್ಮ ಚೈಲ್ಡ್ ಲೈಫ್ ಮೇಡಂ ಇದ್ದಾರೆ. ಇಷ್ಟು ದಿನ ರಜೆಯಲ್ಲಿದ್ರು" ಎಂದರು. ಬಂದವರು ನಲವತ್ತರ ಹೆಂಗಸು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಒಂದು ಬಟ್ಟೆಯ ಗೊಂಬೆ. ಮೊದಲು ನರ್ಸಮ್ಮನನ್ನು ಕೇಳಿದರು: "ನೋವಿನ ಔಷಧಿ ಕೊಟ್ಟಾಯ್ತಾ? ಅದು ಹಿಡಿಯೋಕೆ ಹೊತ್ತು ಬೇಕು. ಅಲ್ಲಿವರೆಗೂ ಪಟ್ಟಿ ಮುಟ್ಟೋದು ಬೇಡ." ಆಮೇಲೆ ನೆಲದ ಮೇಲೆ ಕೂತು ಗೊಂಬೆಯನ್ನೂ ನಿಜವಾದ ಬ್ಯಾಂಡೇಜನ್ನೂ ಮಗುವಿನ ಮುಂದಿಟ್ಟರು. ಹಾಡಿಲ್ಲ, ಕುಣಿತವಿಲ್ಲ.

"ಇವರೇನು ಸುಮ್ನೆ ಕೂತವ್ರೆ?" ಎಂದು ಯಜಮಾನರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ನೀವು ಒಂಚೂರು ಸುಮ್ನೆ ಕೂತ್ರೆ ಗೊತ್ತಾಗುತ್ತೆ" ಎಂದೆ.

ಚಿನಕುರುಳಿ ಬಹಳ ಹೊತ್ತು ಅನುಮಾನದಿಂದಲೇ ನೋಡಿದಳು. ಕೊನೆಗೆ ಗೊಂಬೆಯನ್ನು ಎಳೆದುಕೊಂಡು ಅದರ ಕೈಗೆ ಪಟ್ಟಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಸುತ್ತುತ್ತಾ ಗೊಂಬೆಗೆ ಬೈಯತೊಡಗಿದಳು: "ಅಳಬೇಡ! ನೀನು ಕೆಟ್ಟವಳು. ಹೇಳಿದ ಮಾತು ಕೇಳಲಿಲ್ಲ. ಅದಕ್ಕೇ ಎಲ್ಲರೂ ಸೇರಿ ನಿನ್ನ ಹಿಡ್ಕೊಂಡು ನೋವು ಮಾಡೋದು."

ನಮ್ಮ ದೊಡ್ಡವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮಗು ಇಷ್ಟು ದಿನ ಇದನ್ನು ಎದೆಯಲ್ಲಿಟ್ಟುಕೊಂಡಿತ್ತೇ! ಅವಳನ್ನು ಯಾರೂ ಬೈದಿರಲಿಲ್ಲ, ದೇವರಾಣೆ.

ಮೇಡಂ ಗಾಬರಿಯಾಗಲಿಲ್ಲ. "ಗೊಂಬೆಗೆ ಹಾಗೆ ಅನ್ನಿಸ್ತಿದೆಯಾ? ನಾನು ಅದಕ್ಕೆ ಒಂದು ಮಾತು ಹೇಳ್ಲಾ?" ಎಂದರು. ಚಿನಕುರುಳಿ ತಲೆಯಾಡಿಸಿದಳು. "ಗೊಂಬೇ, ಬಿಸಿನೀರು ಬಿದ್ದಿದ್ದು ಆಕಸ್ಮಿಕ. ನೀನು ಕೆಟ್ಟವಳಲ್ಲ. ಪಟ್ಟಿ ಬದಲಾಯಿಸೋದು ಶಿಕ್ಷೆ ಅಲ್ಲ, ಒಳಗೆ ಹೊಸ ಚರ್ಮ ಬೆಳೀತಿದೆ, ಅದು ಚೊಕ್ಕಟವಾಗಿರಬೇಕು. ಬಿಚ್ಚುವಾಗ ಸ್ವಲ್ಪ ಉರಿಯುತ್ತೆ. ಅಳು ಬಂದ್ರೆ ಅಳಬಹುದು."

"ಉರಿಯುತ್ತಾ?" ಎಂದಳು ಚಿನಕುರುಳಿ. ಕೇಳಿದ್ದು ಗೊಂಬೆಯ ಪರವಾಗಿ ಅಲ್ಲ.

"ಹೂಂ, ಉರಿಯುತ್ತೆ. ಆಮೇಲೆ ಕಡಿಮೆಯಾಗುತ್ತೆ. ಅಮ್ಮನ ತೊಡೆ ಮೇಲೆ ಕೂತ್ಕೋತೀಯಾ, ಅಜ್ಜಿ ತೊಡೆ ಮೇಲಾ? ನೋಡ್ತೀಯಾ, ನೋಡಲ್ವಾ? ಮೇಲಿನ ಅಂಟುಪಟ್ಟಿ ನೀನು ಕೀಳ್ತೀಯಾ, ನರ್ಸಮ್ಮ ಕೀಳಲಾ?"

ಅಮ್ಮನ ತೊಡೆ. ನೋಡುತ್ತೇನೆ. ನಾನೇ ಕೀಳುತ್ತೇನೆ. ಮೂರಕ್ಕೂ ಉತ್ತರ ಪಟಪಟನೆ ಬಂತು. ಅಮ್ಮ ಅವಳನ್ನು ಎದೆಗೊತ್ತಿ ಕೂರಿಸಿಕೊಂಡಳು, ಮಲಗಿಸಲಿಲ್ಲ. ಮೇಡಂ ಒಬ್ಬರದೇ ದನಿ, ಉಳಿದ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಚಿನಕುರುಳಿ ಮೇಡಂ ಕೊಟ್ಟ ಸೋಪಿನ ಗುಳ್ಳೆ ಊದುತ್ತಾ, ಅಂಟನ್ನು ಚೂರು ಚೂರೇ ಕಿತ್ತಳು. ನಡುವೆ ಒಮ್ಮೆ, "ನಿಲ್ಸಿ!" ಎಂದಳು. ನರ್ಸಮ್ಮ ನಿಲ್ಲಿಸಿದರು. ಮೂಗು ಒರೆಸಿಕೊಂಡು, "ಹೂಂ, ಈಗ ಮಾಡಿ" ಎಂದಳು. ಅತ್ತಳು, ಸುಳ್ಳೇಕೆ ಹೇಳಲಿ? ಆದರೆ ಯಾರೂ ಹಿಡಿಯಬೇಕಾಗಲಿಲ್ಲ. ಮುಗಿದ ಮೇಲೆ ಹೊಸ ಪಟ್ಟಿಯನ್ನು ಎಲ್ಲರಿಗೂ ತೋರಿಸಿಕೊಂಡು ವಾರ್ಡೆಲ್ಲ ಸುತ್ತಿದಳು.

ಯಜಮಾನರು ಮೇಡಂ ಹತ್ತಿರ ಹೋದರು. "ಮೇಡಂ, ಮಗು ಮನಸ್ಸಲ್ಲಿ ಅದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿರಲಿಲ್ಲ. ಆದ್ರೆ ಈ ವಯಸ್ಸಿನ ಮಕ್ಕಳು ಕಾಯಿಲೆ, ನೋವು ತಮ್ಮ ತಪ್ಪಿಗೇ ಬಂತು ಅಂದ್ಕೊಳ್ಳೋದುಂಟು. ಯಾರೂ ಹೇಳ್ಕೊಡಬೇಕಾಗಿಲ್ಲ. ಮೂರು ವರ್ಷದ ಮಗುವಿನ ಭಯ ಬೇರೆ, ಹತ್ತು ವರ್ಷದ್ದೇ ಬೇರೆ. ಮನೇಲಿರೋ ಅಣ್ಣ ತಮ್ಮಂದಿರ ಭಯ ಇನ್ನೊಂಥರ. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನೆ ನೋಡ್ತಾ ಕೂರಬೇಕು, ಇದನ್ನೆಲ್ಲ ಮಾಸ್ಟರ್ಸ್‌ನಲ್ಲಿ ಓದಿದ್ದು. ಜೊತೆಗೆ ಆಸ್ಪತ್ರೆಯಲ್ಲೇ ಅನುಭವ ಇರೋರ ಕೈಕೆಳಗೆ ತರಬೇತಿ. ಶುರುವಿನಲ್ಲಿ ನಾನೂ ಬರೀ ಹಾಡು ಹೇಳ್ತಿದ್ದೆ, ಯಜಮಾನ್ರೇ."

ಇವರು ತಲೆ ಕೆರೆದುಕೊಂಡರು. "ನನ್ನ ಅಂಗಡೀಲಿ ನನ್ನ ಆಟ ನಡೀತಿತ್ತು. ಕೂದಲಿಗೆ ನೋವಿಲ್ಲ, ಅದಕ್ಕೇ ನಡೀತಿತ್ತು. ಇಷ್ಟು ದಿನ ಅದು ನನ್ನ ಜಾಣತನ ಅಂದ್ಕೊಂಡಿದ್ದೆ."

ಆಮೇಲೆ ಮೊಮ್ಮಗಳ ಮುಂದೆ ಮಂಡಿಯೂರಿ ಕೂತರು. "ಪುಟ್ಟಾ, ಅವತ್ತು ತಾತ ಸುಳ್ಳು ಹೇಳ್ದೆ. ಇನ್ಮೇಲೆ ಹೇಳಲ್ಲ." ಅವಳು ಯೋಚನೆ ಮಾಡಿ, ಪಟ್ಟಿ ಕಟ್ಟಿದ ಕೈಯನ್ನೇ ಅವರ ಕೈಗೆ ಕೊಟ್ಟಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಚಿಕ್ಕವಳು ನಿಂತಿದ್ದಳು. ಇವರೇ ಹೇಳಿದರು:

"ಕಾಲೇಜಿನೋರಿಗೆ ಇವತ್ತೇ ಫೋನ್ ಮಾಡು. ಈ ಮನೇಲಿ, 'ನನಗೆ ಗೊತ್ತಿಲ್ಲ' ಅಂತ ಒಪ್ಕೊಂಡೋಳು ನೀನೊಬ್ಳೇ. ಓದಬೇಕಾದೋಳು ನೀನೇ. ಹೋಗು ಮಗಳೇ."

ಅವಳು ಓಡಾಡುವ ಜನರನ್ನೂ ಲೆಕ್ಕಿಸದೆ ಅಪ್ಪನನ್ನು ತಬ್ಬಿಕೊಂಡಳು. ನನಗಂತೂ ಕುಣಿದಾಡುವಷ್ಟು ಖುಷಿಯಾಯಿತು. ಟಪಾಲಿನ ಕೆಲಸವೂ ತಪ್ಪಿತಲ್ಲ!

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮನೆಯ ಮಾತು ಇಷ್ಟೇ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನೋವಾಗಲ್ಲ ಎಂದು ಹೇಳಬೇಡಿ, ನಿಜ ಹೇಳಿ, ತೊಡೆಯ ಮೇಲೆ ಕೂರಿಸಿಕೊಳ್ಳಿ. ಮಕ್ಕಳ ಜೊತೆಗಿರಲು ಕಲಿತವರು ಇಲ್ಲಿ ಇದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ. ಇಲ್ಲ ಎಂದರೆ ಯಾಕಿಲ್ಲ ಎಂದೂ ಕೇಳಿ. ನಿಮ್ಮ ಮನೆಯ ಮಗಳೋ ಮಗನೋ ಈ ಓದು ಓದುತ್ತೇನೆ ಎಂದರೆ ಮೂಗು ಮುರಿಯಬೇಡಿ, ಕಳಿಸಿಕೊಡಿ. ಯಾವುದೋ ವಾರ್ಡಿನಲ್ಲಿ, ನಿಮಗೆ ಗುರುತೇ ಇಲ್ಲದ ಒಂದು ಮಗು, ತಾನು ಕೆಟ್ಟವಳು ಎಂದುಕೊಂಡು ಮಲಗಿದೆ. ಹಾಗಲ್ಲ ಎಂದು ಹೇಳಲು ಯಾರಾದರೂ ಹೋಗಬೇಕು.