ಪುಕ್ಕಟೆ ಬಿಸಿಲು

ನನ್ನ ಅಕ್ಕ ಸಿದ್ದಲಿಂಗವ್ವ ಇಂಗ್ಲೆಂಡಿನಿಂದ ಬೈಲಹೊಂಗಲಕ್ಕೆ ಬಂದದ್ದು ಬಿಸಿಲಿಗೆ ಮೈ ಕಾಯಿಸಿಕೊಳ್ಳಲು. ಹೀಗೆಂದರೆ ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಅವಳ ಗಂಡ ಮಹಾದೇವ ಮಾವ ಅಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾಗಿದ್ದರು. ಚಳಿಗಾಲದಲ್ಲಿ ಪೆನ್ಶನ್ನಿನ ಅರ್ಧ ಮನೆ ಬೆಚ್ಚಗಿಡುವುದಕ್ಕೇ ಹೋಗುತ್ತಿತ್ತಂತೆ. ಅದೇ ಪೆನ್ಶನ್ನಿನಲ್ಲಿ ನಮ್ಮೂರಲ್ಲಿ ಆರಾಮಾಗಿ ಮುಪ್ಪು ಕಳೆಯಬಹುದೆಂದು ೨೦೦೩ರ ಶ್ರಾವಣದಲ್ಲಿ ಇಬ್ಬರೂ ಬಂದಿಳಿದರು.

"ಅಲ್ಲಿ ಬೆಚ್ಚಗ ಇರಾಕೂ ರೊಕ್ಕಾ ಕೊಡಬೇಕೋ ಭರಮಾ. ಇಲ್ಲಿ ಬಿಸಲು ಪುಕ್ಕಟ," ಎಂದು ಅಕ್ಕ ನಮ್ಮ ಹಿತ್ತಲದ ಒಗೆಯುವ ಕಲ್ಲಿನ ಮೇಲೆ ಕಾಲು ಚಾಚಿ ಕೂಡುತ್ತಿದ್ದಳು.

ಬಜಾರದ ಹತ್ತಿರ ಮಾಳಿಗೆಯ ಮೇಲೊಂದು ಬಾಡಿಗೆ ಮನೆ ಹಿಡಿದಿದ್ದರು. ಅಲ್ಲಿ ಬಿಸಿಲೂ ಬರುತ್ತಿರಲಿಲ್ಲ, ಮೆಟ್ಟಿಲು ಹತ್ತಲು ಅವಳ ಮೊಣಕಾಲೂ ಕೇಳುತ್ತಿರಲಿಲ್ಲ.

"ಈ ಹಿತ್ತಲದಾಗ ಎರಡ ಖೋಲಿ ಕಟ್ಟಿಸ್ಕೊಂತೇವಿ. ಜಾಗಾ ನಿಂದ ಇರ್ಲಿ. ನಾವು ಸತ್ತ ಮ್ಯಾಲ ಖೋಲಿ ಗ್ವಾಡಿ ಸೈತ ನಿಂದ," ಎಂದಳು ಒಂದು ದಿನ.

"ನೋಡೂಣಕ್ಕಾ, ದೀಪಾವಳಿ ಆಗ್ಲಿ," ಎಂದೆ.

ನನ್ನ ತಲೆಯಲ್ಲಿ ಹುಳ ಹೊಕ್ಕಿತ್ತು. ಇವತ್ತು ಎರಡು ಖೋಲಿ ಎನ್ನುವವಳು ನಾಳೆ ಅಪ್ಪನ ಆಸ್ತಿಯಲ್ಲಿ ಪಾಲು ಕೊಡು ಎಂದರೆ? ಅವಳ ಮಗ ಅಲ್ಲಿಂದ ಬಂದು ತಕರಾರು ತೆಗೆದರೆ? ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳ ಬಗ್ಗೆ ನಾನು ಹೀಗೆ ಯೋಚಿಸುತ್ತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ದೀಪಾವಳಿ ಆಯಿತು. ಸಂಕ್ರಾಂತಿ ಆಗಲಿ ಎಂದೆ. ಆಮೇಲೆ ಸುಗ್ಗಿ ಮುಗಿಯಲಿ ಎಂದೆ. ಅಕ್ಕ ಪ್ರತಿ ಸಲ "ಆತು ಬಿಡು" ಎಂದು ಆ ಮೆಟ್ಟಿಲು ಹತ್ತಲು ಹೋಗುತ್ತಿದ್ದಳು.

ಯುಗಾದಿ ಮುಗಿದ ವಾರ ಒಬ್ಬಳೇ ಬಂದು ಅದೇ ಕಲ್ಲಿನ ಮೇಲೆ ಕೂತಳು.

"ಭರಮಾ, ತಿರುಗಿ ಹೋಗಬೇಕಂತ ವಿಚಾರ ನಡಸೇವಿ. ನೀ ಏನಂತೀ?"

ಅವಳು ಕೇಳಿದ್ದಳು, ಅಷ್ಟೇ. ಆದರೆ ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಹಗುರದಲ್ಲೇ ಒಳಗಿದ್ದ ಹೆಂಡತಿಯನ್ನು ಕೂಗಿದೆ. "ಏ ಅನ್ನಪೂರ್ಣಾ, ಅಕ್ಕಗ ಉಡಿ ತುಂಬು!"

ಹೆಣ್ಣುಮಗಳು ತವರಿನಿಂದ ಹೊರಟು ನಿಂತಾಗ ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ಅಕ್ಕ ಇನ್ನೂ ಹೊರಟಿರಲಿಲ್ಲ. ಯಾಕೆ ಹೋಗುತ್ತೀ ಎಂದು ನಾನು ಕೇಳಲಿಲ್ಲ. ಇರು ಎನ್ನಲಿಲ್ಲ. ಆ ಒಂದು ಮಾತು ಕೇಳುವುದಕ್ಕೇ ಅವಳು ಬಂದಿದ್ದಳೆಂದು ಅವಳ ಮುಖ ನೋಡಿದ ಮೇಲೆ ತಿಳಿಯಿತು. ಆದರೂ ಕೂಗಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ.

ಅನ್ನಪೂರ್ಣಾ ಗಾಬರಿಯಲ್ಲೇ ಉಡಿಯ ಸಾಮಾನು ತುಂಬಿದ ಹಿತ್ತಾಳೆ ಪರಾತ ಹಿಡಿದು ಬಂದಳು. ಅಕ್ಕ ಎದ್ದು ನಿಂತು ಸೆರಗೊಡ್ಡಿದಳು. ಕುಬಸದ ಖಣ, ಕೊಬ್ಬರಿ, ಅರಿಷಿಣದ ಬೇರು, ಅಕ್ಕಿ ಬಿದ್ದವು. ಉಡಿಯ ಅಕ್ಕಿಯಲ್ಲಿ ಐದು ಕಾಳು ತವರಿಗೆ ಬಿಟ್ಟು, ಉಳಿದದ್ದನ್ನು ಒಯ್ಯುವುದು ರೂಢಿ. ಅಕ್ಕ ಐದೇ ಕಾಳು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಉಳಿದದ್ದನ್ನೆಲ್ಲ ಪರಾತಕ್ಕೆ ಸುರಿದಳು.

"ವಿಮಾನದಾಗ ಕಾಳುಕಡಿ ಬಿಡಂಗಿಲ್ಲವಾ," ಎಂದು ಅನ್ನಪೂರ್ಣಾಳಿಗೆ ಹೇಳಿದಳು. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿದಳು.

"ಇನ್ನ ಅಂಜಬ್ಯಾಡೋ ತಮ್ಮಾ."

ಹದಿನೈದು ದಿನದಲ್ಲಿ ಹೊರಟುಹೋದರು. ಹಿತ್ತಲು ಇವತ್ತಿಗೂ ಖಾಲಿ ಬಿದ್ದಿದೆ. ಕಳೆ ಬೆಳೆದಿದೆ, ಯಾರೂ ಪಾಲು ಕೇಳಲು ಬಂದಿಲ್ಲ.

ರವಿವಾರ ಮಧ್ಯಾಹ್ನ ಅಕ್ಕನ ಫೋನು ಬರುತ್ತದೆ. ಸಿಟ್ಟಿಲ್ಲ, ಸೆಡವಿಲ್ಲ. ಇದ್ದಿದ್ದರೆ ಎಷ್ಟೋ ಮೇಲಾಗಿತ್ತು.

"ಇಲ್ಲಿ ಥಂಡಿ ಭಾಳ ಐತೋ ಭರಮಾ. ಹಿತ್ತಲದಾಗ ಬಿಸಲು ಬಿದ್ದೈತೇನು?"

ನಾನು ಫೋನು ಹಿಡಿದು ಹಿಂಬಾಗಿಲಲ್ಲಿ ನಿಲ್ಲುತ್ತೇನೆ. ಒಗೆಯುವ ಕಲ್ಲಿನ ಮೇಲೆ ಬಿಸಿಲು ಹರವಿ ಬಿದ್ದಿರುತ್ತದೆ.

"ಇಲ್ಲಕ್ಕಾ, ಮ್ವಾಡ ಆಗೈತಿ," ಎನ್ನುತ್ತೇನೆ.