ಪೈಕನಿಗೆ ಬರೆದ ಪತ್ರ

ಮಧ್ಯಾಹ್ನ ಮೂರಕ್ಕೆ ಡರ್ಮಟ್ ಪೈಕ್ ಫೋನ್ ಮಾಡಿದರೆ ಲಂಡನ್ನಿನ ಯಾವ ಮಂತ್ರಿಯ ಕಚೇರಿಯಲ್ಲೂ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ದೇಶದಲ್ಲೇ ಹೆಚ್ಚು ಮಾರಾಟವಾಗುವ ಪತ್ರಿಕೆಯ ರಾಜಕೀಯ ಸಂಪಾದಕ ಅವನು. ನಾನು ಬೆರಿಲ್, ಜೈಲು ಖಾತೆಯ ಮಂತ್ರಿ ಗ್ಲೆನಿಸ್ ಹಾವರ್ತಳ ಪತ್ರಿಕಾ ಕಾರ್ಯದರ್ಶಿ. ಇಂಥ ಫೋನುಗಳನ್ನು ಎತ್ತುತ್ತಲೇ ಮುದುಕಿಯಾದವಳು.

ಹಸುಗೂಸಿರುವ ತಾಯಂದಿರನ್ನು ಜೈಲಿಗೆ ಹಾಕಬಾರದೆಂಬ ಮಸೂದೆಯನ್ನು ಗ್ಲೆನಿಸ್ ಗುರುವಾರ ಮಂಡಿಸುವವಳಿದ್ದಳು. ಪೈಕನ ಪತ್ರಿಕೆ ಮೂರು ವಾರದಿಂದ ಅವಳನ್ನು 'ಕಳ್ಳಿಯರ ಅಮ್ಮ' ಎಂದು ಮುಖಪುಟದಲ್ಲೇ ಹೀಯಾಳಿಸುತ್ತಿತ್ತು. ಅವಳು ಸೊಪ್ಪು ಹಾಕಿರಲಿಲ್ಲ. ಆದರೆ ಈ ಸಲ ಅವನು ಎತ್ತಿದ್ದು ಮಗಳ ವಿಷಯ. ಹತ್ತೊಂಬತ್ತರ ಟ್ಯಾಮ್ಸಿನ್ ಕಾಲೇಜಿಗೆ ಯಾಕೆ ಬರುತ್ತಿಲ್ಲ, ನಾಳೆ ಬರೆಯುತ್ತಿದ್ದೇವೆ, ಏನಾದರೂ ಹೇಳುವುದಿದೆಯೇ ಎಂದ.

ಟ್ಯಾಮ್ಸಿನ್ ಪ್ರಾಣ ಕಳೆದುಕೊಳ್ಳಲು ಹೋಗಿ ಉಳಿದವಳು. ಒಂಬತ್ತು ವಾರದಿಂದ ಮಾನಸಿಕ ಆಸ್ಪತ್ರೆಯಲ್ಲಿದ್ದಳು. ಯಾರಿಗೂ ಹೇಳುವುದಿಲ್ಲವೆಂದು ತಾಯಿಯಿಂದ ಆಣೆ ಹಾಕಿಸಿಕೊಂಡಿದ್ದಳು. ಸುದ್ದಿ ಹೊರಬಿದ್ದರೆ ಮತ್ತೆ ಏನು ಮಾಡಿಕೊಳ್ಳುತ್ತಾಳೋ ಎಂಬ ಹೆದರಿಕೆಯಲ್ಲೇ ಗ್ಲೆನಿಸ್ ದಿನ ದೂಡುತ್ತಿದ್ದಳು.

"ಮಸೂದೆ ಹಾಳಾಗ್ಲಿ ಬೆರಿಲ್. ವಾಪಸ್ ತಗೋತೀನಿ ಅಂತ ಆ ಪಾಪಿಗೆ ಬರಿ. ನನ್ನ ಮಗೂನ ಬಿಟ್ಬಿಡು ಅನ್ನು," ಎಂದು ನನ್ನ ಕೈ ಹಿಡಿದುಕೊಂಡಳು.

ಬರೆದೆ. ಮಸೂದೆ ಹಿಂತೆಗೆಯುತ್ತೇವೆ, ಹುಡುಗಿ ಇಂಥ ಆಸ್ಪತ್ರೆಯಲ್ಲಿದ್ದಾಳೆ, ಹೆಸರು ಅಚ್ಚಾದರೆ ಅವಳ ಜೀವ ಉಳಿಯುವುದಿಲ್ಲ, ದಯವಿಟ್ಟು ಎಂದು. ಮೇಲ್ಗಡೆ 'ಪ್ರಕಟಣೆಗಲ್ಲ' ಎಂದು ದಪ್ಪಕ್ಷರದಲ್ಲಿ ಹಾಕಿದೆ. ಗ್ಲೆನಿಸ್ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಕಳಿಸಿಬಿಟ್ಟೆ.

ನಮ್ಮ ಕಸುಬಿನಲ್ಲಿ ಮೊದಲ ದಿನವೇ ಕಲಿಸುವ ಪಾಠವೊಂದಿದೆ. ಪ್ರಕಟಿಸುವುದಿಲ್ಲವೆಂದು ಪತ್ರಿಕೆಯವರನ್ನು ಮೊದಲು ಒಪ್ಪಿಸಬೇಕು, ಆಮೇಲೆ ಬಾಯಿ ಬಿಡಬೇಕು. ಒಪ್ಪಿಸದೆ ಕಳಿಸಿದ ಕಾಗದದ ಮೇಲೆ ನೀವು ಏನು ಬರೆದುಕೊಂಡರೂ ಅವರು ಅದಕ್ಕೆ ಬದ್ಧರಲ್ಲ. ಹೊಸಬರಿಗೆಲ್ಲ ಇದನ್ನು ಬೈದು ಕಲಿಸಿದವಳೇ ನಾನು. ಅವತ್ತು ನನ್ನ ಬುದ್ಧಿಗೆ ಮಂಕು ಬಡಿದಿತ್ತು. ನೆನಪಾದೊಡನೆ ಪೈಕನಿಗೆ ಫೋನ್ ಮಾಡಿದೆ.

"ನಮ್ಮ ಹತ್ರ ಕಾಲೇಜಿನ ಗಾಳಿಮಾತು ಬಿಟ್ರೆ ಏನೂ ಇರ್ಲಿಲ್ಲ ಬೆರಿಲ್," ಎಂದ ಅವನು. "ಉಪಕಾರ ಆಯ್ತು."

ಬೇಡಿದೆ, ಬೈದೆ, ನಾಚಿಕೆ ಬಿಟ್ಟು ಅತ್ತೆ. ಮುಖಪುಟ ಕಟ್ಟುತ್ತಿದ್ದೇವೆ ಎಂದು ಫೋನ್ ಇಟ್ಟುಬಿಟ್ಟ. ಪತ್ರದ ಜೊತೆಗೇ ನಾವು ಬಿಡುಗಡೆ ಮಾಡಿದ್ದ, ಮಸೂದೆ ಹಿಂತೆಗೆದ ಹೇಳಿಕೆ ಅಷ್ಟರಲ್ಲಿ ಎಲ್ಲ ವಾರ್ತೆಗಳಲ್ಲೂ ಬಂದಾಗಿತ್ತು. ಅತ್ತ ಜೈಲಿನ ತಾಯಂದಿರೂ ಹೋದರು, ಇತ್ತ ಈ ತಾಯಿಯೂ ಹೋದಳು ಎಂದು ತಲೆ ಚಚ್ಚಿಕೊಂಡೆ.

ಬೆಳಿಗ್ಗೆ ಮುಖಪುಟದ ತುಂಬ ನಮ್ಮ ಪತ್ರವೇ, ಇದ್ದದ್ದು ಇದ್ದ ಹಾಗೆ. ಹುಡುಗಿಯ ಶಾಲೆಯ ದಿನಗಳ ಫೋಟೊ ಬೇರೆ. ಮಾತಾಡಿಸಲು ಗ್ಲೆನಿಸ್ ಆಸ್ಪತ್ರೆಗೆ ಎಷ್ಟು ಸಲ ಫೋನ್ ಮಾಡಿದರೂ ಮಗಳು ಬರಲೊಲ್ಲೆ ಎಂದಳಂತೆ. ಒಂಬತ್ತಕ್ಕೆ ಅವಳೇ ಫೋನ್ ಮಾಡಿದಳು, ನನಗೆ. ಬದುಕಿದ್ದಾಳಲ್ಲ ಎಂದು ಉಸಿರು ಬಿಟ್ಟೆ. ಎದುರಿಗೆ ಕುಳಿತಿದ್ದ ಗ್ಲೆನಿಸ್ ಫೋನಿಗಾಗಿ ಕೈ ಚಾಚಿದಳು.

"ಬೆರಿಲ್ ಆಂಟಿ, ಇಲ್ಲಿ ಎಲ್ರ ಕೈಯಲ್ಲೂ ಪೇಪರ್ ಇದೆ," ಎಂದಳು ಟ್ಯಾಮ್ಸಿನ್.

"ಬರೆದದ್ದು ನಾನು ಕಣೇ. ತಪ್ಪೆಲ್ಲ ನಂದು. ನಿಮ್ಮಮ್ಮನ್ನ ಬೈಬೇಡ."

"ಸಹಿ ಅಮ್ಮಂದು."

ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಭಯವಾಗಿದ್ದು ಅದಕ್ಕೇ. ಅಮ್ಮ ಇಲ್ಲೇ ಇದ್ದಾಳೆ, ಒಂದು ಮಾತಾಡು ಎಂದೆ.

"ಬೇಡ. ಇನ್ನು ನನ್ನ ನೋಡೋಕೆ ಬರೋದು ಬೇಡ ಅಂತ ಹೇಳ್ಬಿಡಿ," ಎಂದು ಫೋನಿಟ್ಟಳು.

"ಏನಂದ್ಳು?" ಎಂದಳು ಗ್ಲೆನಿಸ್, ಚಾಚಿದ ಕೈಯನ್ನು ಇನ್ನೂ ಹಿಂತೆಗೆಯದೆ.